ಪೆಟ್ಟಿಗೆಯಲ್ಲಿ ಬರದ ಗಾಡಿಗಳು

ಜಪಾನಿನ ಟಮಿಯಾ ಕಂಪನಿಯ ಪಟ್ಟಿಯಲ್ಲಿ ಪೋರ್ಷೆ ಇದೆ, ಫೆರಾರಿ ಇದೆ, ನಿಸಾನ್ ಸ್ಕೈಲೈನ್ ಇದೆ, ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಕಬ್ಬು ಅರೆಯುವ ಸೀಸನ್ನಿನಲ್ಲಿ ಕೆ.ಎಂ. ದೊಡ್ಡಿ ಕಡೆಗೆ ಎರಡು ಟ್ರೇಲರ್ ಎಳೆದುಕೊಂಡು, ಜೋರಾಗಿ ಹಾಡು ಹಾಕಿಕೊಂಡು, ಹಿಂದಿನ ಕಾರಿನವನು ಎಷ್ಟು ಹಾರನ್ ಹೊಡೆದರೂ ಜಾಗ ಕೊಡದೆ ಹೋಗುವ ಟ್ರ್ಯಾಕ್ಟರ್ ಮಾತ್ರ ಇಲ್ಲ. ಮದ್ದೂರಿನಿಂದ ಎಳನೀರು ತುಂಬಿಕೊಂಡು ರಾತ್ರಿ ಹೊರಡುವ ಲಾರಿ ಇಲ್ಲ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಕೆಂಪು ಬಸ್ಸಿಲ್ಲ. ತಾಲ್ಲೂಕು ಕಚೇರಿಯ ಹುಣಸೆಮರದ ಕೆಳಗೆ ನಿಂತಿರುತ್ತಿದ್ದ ಬಿಳಿ ಅಂಬಾಸಡರ್ ಇಲ್ಲ.

ಮಂಡ್ಯ ಸೀಮೆಯ ಹುಡುಗನೊಬ್ಬ ಮಾಡೆಲ್ ಕಾರು ಕಟ್ಟುವ ಹವ್ಯಾಸಕ್ಕೆ ಬಿದ್ದರೆ ಮೊದಲು ಎದುರಾಗುವ ಪೇಚು ಇದೇ. ಅವನು ಹುಟ್ಟಿದಾಗಿನಿಂದ ನೋಡಿದ ಗಾಡಿಗಳ ಕಿಟ್ಟು ಸಿಗುವುದಿಲ್ಲ. ಸಿಗುವ ಕಿಟ್ಟಿನ ಕಾರನ್ನು ಅವನು ಕಣ್ಣಾರೆ ನೋಡಿರುವುದಿಲ್ಲ. ನೋಡದ ಕಾರನ್ನು ನೀಟಾಗಿ ಜೋಡಿಸಿ ಬಣ್ಣ ಹೊಡೆಯುವುದು ಒಳ್ಳೆಯ ಅಭ್ಯಾಸ, ಬೇಡ ಅನ್ನುವುದಿಲ್ಲ. ಆದರೆ ಈ ಹವ್ಯಾಸದ ನಿಜವಾದ ರುಚಿ ಹತ್ತುವುದು ಪೆಟ್ಟಿಗೆ ಪಕ್ಕಕ್ಕಿಟ್ಟು, ಟೇಪು ಹಿಡಿದು, ನಮ್ಮ ರಸ್ತೆಯ ಗಾಡಿಯೊಂದರ ಪಕ್ಕ ಕುಕ್ಕರುಗಾಲಲ್ಲಿ ಕೂತಾಗ ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಕಿಟ್ಟು ಅಂದರೆ ಏನು ಅಂತ ಕೇಳುವವರಿಗೆ ಎರಡು ಮಾತು. ಪೆಟ್ಟಿಗೆ ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿರುತ್ತವೆ. ಅದರ ಕಡ್ಡಿಗಳಿಗೆ ಬಂಪರ್, ಸ್ಟಿಯರಿಂಗು, ಸೀಟು, ಎಂಜಿನ್ನಿನ ಚೂರುಗಳು ಅಂಟಿಕೊಂಡಿರುತ್ತವೆ. ಒಂದೊಂದನ್ನೇ ಕಟರ್‌ನಿಂದ ಬಿಡಿಸಿ, ಅಂಚು ಉಜ್ಜಿ, ಬಣ್ಣ ಹೊಡೆದು, ಅಂಟಿಸಬೇಕು. ಇದಕ್ಕೆ ಬಳಸುವ ಅಂಟು ಫೆವಿಕ್ವಿಕ್ ಥರದ್ದಲ್ಲ. ಎರಡೂ ತುಂಡುಗಳ ಪ್ಲಾಸ್ಟಿಕ್ಕನ್ನು ಒಂದಿಷ್ಟು ಕರಗಿಸಿ ಬೆಸೆಯುವ ದ್ರಾವಣ. ಕಂಪನಿಯ ಹೆಸರು, ರೇಸಿನ ನಂಬರು ಎಲ್ಲ ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುವ ತೆಳು ಡೆಕಾಲ್‌ಗಳಾಗಿ ಬರುತ್ತವೆ. ಇಷ್ಟಕ್ಕೆ ಸಾವಿರಗಟ್ಟಲೆ ರೂಪಾಯಿ. ಸುಂಕದ ಲೆಕ್ಕದಲ್ಲಿ ಇವೂ ಆಟಿಕೆಯ ಗುಂಪಿಗೇ ಸೇರುತ್ತವೆ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ ಏರಿಸಿತು, 2023ರಲ್ಲಿ 70ಕ್ಕೆ. ಚೀನಾದ ಅಗ್ಗದ ಆಟಿಕೆಗಳನ್ನು ತಡೆಯಲು ಮಾಡಿದ್ದು ಸರಿಯೇ, ಆದರೆ ಆ ಏಟು ಮಂಡ್ಯದ ಒಂದು ಕೋಣೆಯಲ್ಲಿ ಒಂಟಿಯಾಗಿ ಕೂತು ಕಾರು ಜೋಡಿಸುವವನ ಮೇಲೂ ಬಿತ್ತು.

ಕಿಟ್ಟುಗಳ ಚರಿತ್ರೆಯನ್ನು ಹಿಂದಕ್ಕೆ ನೋಡುತ್ತ ಹೋದರೆ ಮಂಡ್ಯದವರು ಖುಷಿಪಡುವಂಥ ಒಂದು ಸಂಗತಿ ಇದೆ. ಇಂಗ್ಲೆಂಡಿನಲ್ಲಿ ನಿಕೋಲಸ್ ಕೋವ್ ಎಂಬ ಹಂಗೇರಿ ಮೂಲದ ವ್ಯಾಪಾರಿ 1939ರಲ್ಲಿ ಏರ್‌ಫಿಕ್ಸ್ ಕಂಪನಿ ಶುರು ಮಾಡಿದ. ಮುಂದೆ ವಿಮಾನ, ಹಡಗುಗಳ ಕಿಟ್ಟುಗಳಿಗೆ ಜಗತ್ಪ್ರಸಿದ್ಧವಾದ ಈ ಕಂಪನಿಯ ಮೊಟ್ಟಮೊದಲ ಮಾಡೆಲ್ ವಿಮಾನವೂ ಅಲ್ಲ, ರೇಸ್ ಕಾರೂ ಅಲ್ಲ. ಅದು ಟ್ರ್ಯಾಕ್ಟರ್. 1940ರ ದಶಕದ ಕೊನೆಯಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರ್ ಕಂಪನಿಯವರು ತಮ್ಮ ಮಾರಾಟಗಾರರು ರೈತರಿಗೆ ತೋರಿಸಲೆಂದು ಪುಟ್ಟ ಮಾಡೆಲ್ ಮಾಡಿಕೊಡಿ ಅಂದರು. ಏರ್‌ಫಿಕ್ಸ್‌ನವರು ಕೈಯಲ್ಲಿ ಜೋಡಿಸಿ ಕೊಟ್ಟರು. ಜೋಡಿಸುವ ಕೂಲಿಯೇ ದುಬಾರಿ ಅನ್ನಿಸಿದಾಗ ಬಿಡಿಭಾಗಗಳನ್ನೇ ಪೊಟ್ಟಣ ಕಟ್ಟಿ ಅಂಗಡಿಗಿಟ್ಟರು. ಕೊಂಡವನೇ ಜೋಡಿಸಿಕೊಳ್ಳಲಿ! ಆ ಫರ್ಗ್ಯುಸನ್ ಕಂಪನಿ 1953ರಲ್ಲಿ ಮ್ಯಾಸಿ ಹ್ಯಾರಿಸ್ ಜೊತೆ ಸೇರಿತು. ಹಾಗೆ ಹುಟ್ಟಿದ ಮ್ಯಾಸಿ ಫರ್ಗ್ಯುಸನ್ನಿನ ಸಹಯೋಗದಲ್ಲಿ 1960ರಲ್ಲಿ ಮದರಾಸಿನಲ್ಲಿ ಟಾಫೆ ಟ್ರ್ಯಾಕ್ಟರ್ ಕಂಪನಿ ಬಂತು. ನಾಲೆ ಬಯಲಿನಲ್ಲಿ ಇವತ್ತು ಓಡಾಡುವ ಕೆಂಪು ಬಾನೆಟ್ಟಿನ ಮ್ಯಾಸಿಗಳು ಆ ಮೊದಲ ಮಾಡೆಲ್‌ನ ವಂಶದವೇ. ಅಂದ ಮೇಲೆ ಟ್ರ್ಯಾಕ್ಟರ್ ಮಾಡೆಲ್ ಮಾಡುತ್ತೇನೆ ಅಂದವನನ್ನು ನೋಡಿ ನಗುವ ಹಕ್ಕು ಪೋರ್ಷೆ ಕಟ್ಟುವವರಿಗಿಲ್ಲ.

ಟಮಿಯಾದವರ ಕಥೆಯೂ ನಮಗೆ ದೂರದ್ದೇನಲ್ಲ. ಯೋಶಿಯೋ ಟಮಿಯಾ 1946ರಲ್ಲಿ ಶಿಜುಒಕಾದಲ್ಲಿ ತೆರೆದದ್ದು ಸಾ ಮಿಲ್ಲು. ಎರಡು ವರ್ಷಗಳಲ್ಲಿ ಅದೇ ಮರದಲ್ಲಿ ಹಡಗು, ಬಂಡಿಗಳ ಮಾಡೆಲ್ ಮಾಡತೊಡಗಿ, 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂದರು. 1967ರಲ್ಲಿ ಹೋಂಡಾದ ಫಾರ್ಮುಲಾ ಒನ್ ಕಾರಿನ ಕಿಟ್ಟು ಹೊರಗೆ ಬಿಟ್ಟರು. ಇನ್ನು ಮ್ಯಾಚ್‌ಬಾಕ್ಸ್ ಕಾರುಗಳದ್ದು ಎಲ್ಲರಿಗೂ ಗೊತ್ತಿರುವ ಕಥೆ. ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಆಟಿಕೆ ಮಾತ್ರ ತರಬಹುದು ಅಂತ ಮಗಳ ಸ್ಕೂಲಿನಲ್ಲಿ ನಿಯಮ ಇತ್ತಂತೆ, ಜ್ಯಾಕ್ ಓಡೆಲ್ ಎಂಬ ಎಂಜಿನಿಯರ್ ಹಿತ್ತಾಳೆಯ ರೋಡ್ ರೋಲರ್ ಒಂದನ್ನು ಅಷ್ಟೇ ಅಳತೆಗೆ ಮಾಡಿಕೊಟ್ಟ. ನಮ್ಮ ಕಡೆ ಬೆಂಕಿಪೊಟ್ಟಣವೇ ರೋಡ್ ರೋಲರ್ ಆಗುತ್ತಿತ್ತು. ಎರಡು ಪೊಟ್ಟಣ ಅಡ್ಡಡ್ಡ ಸೇರಿಸಿ, ಮುಂದೆ ಖಾಲಿ ನೂಲಿನ ರೀಲು ಸಿಕ್ಕಿಸಿದರೆ ಮುಗಿಯಿತು.

ಜೋಳದ ದಂಟಿನ ಗಾಡಿ, ಹಳೇ ಹವಾಯಿ ಚಪ್ಪಲಿ ಕುಯ್ದು ಮಾಡಿದ ಚಕ್ರ, ಕೆರೆ ಜೇಡಿಮಣ್ಣಿನ ಎತ್ತು: ಊರಿನ ಹುಡುಗರಿಗೆ ಇದನ್ನೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ. ಅದರಲ್ಲಿ ಅಳತೆ ಇರಲಿಲ್ಲ ಅಷ್ಟೆ. ಗಾಡಿಗಿಂತ ಎತ್ತು ದೊಡ್ಡದು, ಎತ್ತಿಗಿಂತ ಚಕ್ರ ದೊಡ್ಡದು. ಸ್ಕೇಲ್ ಮಾಡೆಲ್ ಅಂದರೆ ಆ ಆಟಕ್ಕೆ ಲೆಕ್ಕ ಸೇರಿಸಿದ್ದು.

ಈ ಲೆಕ್ಕದ ಬಗ್ಗೆ ಸ್ವಲ್ಪ ಹೇಳಬೇಕು. ಅಂಗಡಿಗಳಲ್ಲಿ ಸಿಗುವ ಹಾಟ್ ವೀಲ್ಸ್ ಕಾರು ಸುಮಾರಾಗಿ 1:64, ಅಂದರೆ ಅಸಲಿನ ಅರವತ್ತನಾಲ್ಕನೇ ಒಂದು. ಯುರೋಪಿನ ಸಂಗ್ರಾಹಕರಿಗೆ 1:43 ಪ್ರೀತಿ. ಈ ವಿಚಿತ್ರ ಸಂಖ್ಯೆ ಬಂದದ್ದು ಆಟಿಕೆ ರೈಲಿನಿಂದ, ಒಂದು ಅಡಿಗೆ ಏಳು ಮಿಲಿಮೀಟರ್ ಅನ್ನುವ ಹಳೇ ಬ್ರಿಟಿಷ್ ಲೆಕ್ಕ. ಯುರೋಪಿನ ಆಟಿಕೆ ಟ್ರ್ಯಾಕ್ಟರುಗಳಿಗೆ 1:32 ವಾಡಿಕೆ. ಕಾರಿನ ಕಿಟ್ಟುಗಳಲ್ಲಿ ಹೆಚ್ಚಾಗಿ ಕಾಣುವುದು 1:24. ನಮಗೆ ಒಗ್ಗುವುದೂ ಇದೇ. ಯಾಕೆಂದರೆ 1:24 ಅಂದರೆ ಒಂದು ಅಡಿಗೆ ಸರಿಯಾಗಿ ಅರ್ಧ ಇಂಚು. ಗಾರೆಯವನಿಂದ ಹಿಡಿದು ಟ್ರೇಲರ್ ಕಟ್ಟುವ ವೆಲ್ಡಿಂಗ್ ಶಾಪಿನವನವರೆಗೆ ಎಲ್ಲರೂ ಇವತ್ತಿಗೂ ಅಡಿ-ಇಂಚಿನಲ್ಲೇ ಮಾತಾಡುವ ಊರು ನಮ್ಮದು. ಹನ್ನೆರಡು ಅಡಿ ಟ್ರೇಲರ್ ಅಂದರೆ ಆರು ಇಂಚು. ಎಂಟು ಅಡಿ ಜಲ್ಲೆ ಅಂದರೆ ನಾಲ್ಕು ಇಂಚು. ಕ್ಯಾಲ್ಕುಲೇಟರ್ ಬೇಕಿಲ್ಲ, ಬಾಯಿಲೆಕ್ಕ ಸಾಕು.

ಇನ್ನು ಸಾಮಾನು. ಮಂಡ್ಯದಲ್ಲಿ ಹಾಬಿ ಅಂಗಡಿ ಹುಡುಕಿ ಹೊರಟವರು ಬರಿಗೈಲಿ ಬರುತ್ತಾರೆ. ಆದರೆ ಕಣ್ಣಿದ್ದವರಿಗೆ ಇಡೀ ಪೇಟೆಯೇ ಹಾಬಿ ಅಂಗಡಿ. ಎಲೆಕ್ಷನ್ನು, ಹುಟ್ಟುಹಬ್ಬ, ಸಿನಿಮಾ ರಿಲೀಸು ಅಂತ ವರ್ಷವಿಡೀ ಬಿಡುವಿಲ್ಲದ ಫ್ಲೆಕ್ಸ್ ಅಂಗಡಿಗಳಲ್ಲಿ ಬೋರ್ಡು ಮಾಡಿ ಉಳಿದ ಮೂರು ಎಂಎಂ ಫೋಮ್ ಶೀಟಿನ ತುಂಡುಗಳು ಮೂಲೆಗೆ ಬಿದ್ದಿರುತ್ತವೆ. ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬ್ಲೇಡಿನಲ್ಲಿ ಬೆಣ್ಣೆಯಂತೆ ಕುಯ್ಯುತ್ತದೆ, ಫೆವಿಕ್ವಿಕ್ಕಿಗೆ ಹಿಡಿಯುತ್ತದೆ. ಬಸ್ಸಿನ ಪಟ್ಟಿ, ಲಾರಿಯ ಹಿಂದಿನ ಅಕ್ಷರಕ್ಕೆ ರೇಡಿಯಂ ಅಂಗಡಿ. ನಂಬರ್ ಪ್ಲೇಟು ಮಾತ್ರ ಅವರ ಮೆಷಿನ್ನಿಗೂ ಆಗದ ಮಾತು. ಕಾರಿನ ಪ್ಲೇಟು ಅರ್ಧ ಮೀಟರ್ ಉದ್ದ, 12 ಸೆಂಟಿಮೀಟರ್ ಎತ್ತರ. 1:24ರಲ್ಲಿ 21 ಎಂಎಂಗೆ 5 ಎಂಎಂ. ಅಷ್ಟರಲ್ಲಿ ಕೆಎ-11 ಕತ್ತರಿಸಹೋದರೆ ಅಕ್ಷರ ಬ್ಲೇಡಿಗೇ ಸುತ್ತಿಕೊಂಡು ಬರುತ್ತದೆ. ಅದನ್ನು ಫೋಟೊ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಅಂಟಿಸುವುದೇ ವಾಸಿ.

ಚಕ್ರಕ್ಕೆ ಏನು ಮಾಡುವುದು? ಇಲ್ಲಿ ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಒಂದು ಕಾಕತಾಳೀಯವಿದೆ. ಟ್ರ್ಯಾಕ್ಟರಿನ ಹಿಂದಿನ ಟೈರುಗಳಲ್ಲಿ ತೀರ ಸಾಮಾನ್ಯವಾದದ್ದು 13.6–28 ಸೈಜು. ಅಗಲ 13.6 ಇಂಚು. ಇಪ್ಪತ್ನಾಲ್ಕರಿಂದ ಭಾಗಿಸಿದರೆ ಹದಿನಾಲ್ಕೂವರೆ ಎಂಎಂ. ಹವಾಯಿ ಚಪ್ಪಲಿಯ ದಪ್ಪ ಹೆಚ್ಚುಕಮ್ಮಿ ಅಷ್ಟೇ! ಅಂದರೆ ನಾವೆಲ್ಲ ಚಪ್ಪಲಿ ಕುಯ್ದು ಬೈಸಿಕೊಂಡ ಕಾಲದಲ್ಲಿ ಟೈರಿನ ಅಗಲ ಮಾತ್ರ ಸ್ಕೇಲಿಗೆ ಸರಿಯಾಗಿಯೇ ಇತ್ತು. ಐದೂವರೆ ಸೆಂಟಿಮೀಟರಿನ ವೃತ್ತ ಕುಯ್ದು, ನಡುವೆ ಬೋಲ್ಟು ತೂರಿಸಿ, ಡ್ರಿಲ್ಲಿಂಗ್ ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸುತ್ತ ಉಪ್ಪಿನ ಕಾಗದ ಹಿಡಿದರೆ ಟೈರಿನ ಉರುಟು ಬರುತ್ತದೆ. ಮೇಲಿನ ಗುಬಟುಗಳಿಗೆ ಸೈಕಲ್ ಟ್ಯೂಬನ್ನು ಸಣ್ಣ ಪಟ್ಟಿ ಕತ್ತರಿಸಿ ಓರೆಯಾಗಿ ಅಂಟಿಸಬೇಕು. ಓರೆ ಯಾವ ಕಡೆಗೆ ಅಂತ ಹೋಗಿ ನೋಡಿಕೊಂಡು ಬರದೆ ಅಂಟಿಸಿದವನು ಊರವರ ಕೈಲಿ ಸಿಕ್ಕಿಬೀಳುತ್ತಾನೆ. ಟೈರು ಉಲ್ಟಾ ಹಾಕಿದ ಟ್ರ್ಯಾಕ್ಟರನ್ನು ಮಂಡ್ಯದಲ್ಲಿ ಎಂಟು ವರ್ಷದ ಮಗುವೂ ಗುರುತಿಸುತ್ತದೆ.

ಕಬ್ಬಿನ ಲೋಡು ಇನ್ನೊಂದು ಮಜ. ಮೂರು ಸೆಂಟಿಮೀಟರ್ ದಪ್ಪದ ಜಲ್ಲೆ 1:24ರಲ್ಲಿ ಒಂದೂಕಾಲು ಎಂಎಂ ಆಗುತ್ತದೆ. ಕಡ್ಡಿ ಪೊರಕೆಯ ಕಡ್ಡಿ ಅಷ್ಟೇ ದಪ್ಪ, ತುದಿಗೆ ಹೋಗುತ್ತ ಸಣ್ಣಗಾಗುವುದೂ ಕಬ್ಬಿನ ಹಾಗೆಯೇ. ಅದನ್ನು ನಾಲ್ಕಿಂಚಿಗೆ ಕತ್ತರಿಸಿಕೊಳ್ಳಬೇಕು. ಎಲ್ಲಕ್ಕೂ ಒಂದೇ ಹಸಿರು ಬಳಿದರೆ ಪೊರಕೆಯೇ ಕಾಣುತ್ತದೆ. ಒಂದಷ್ಟಕ್ಕೆ ಹಳದಿ ಕಲಸಿದ ಹಸಿರು, ಒಂದಷ್ಟಕ್ಕೆ ನೇರಳೆ ಛಾಯೆ. ಆಮೇಲೆ ಎರಡು ಬೆರಳ ನಡುವೆ ಕಡ್ಡಿ ಉರುಳಿಸುತ್ತ, ಸಣ್ಣ ಬ್ರಷ್ಷಿನ ತುದಿಯಿಂದ ಗೆಣ್ಣುಗೆಣ್ಣಿಗೂ ಬೂದುಬಿಳಿ ಉಂಗುರ ಎಳೆಯಬೇಕು. ಹಸಿ ಕಬ್ಬಿನ ಗೆಣ್ಣಿನ ಬಳಿ ಉಗುರು ಹಾಕಿದರೆ ಏಳುವ ಮೇಣದ ಬಿಳುಪು ಅದು. ಟ್ರೇಲರಿನ ಹೊಟ್ಟೆಯೊಳಗೆ ಥರ್ಮಾಕೋಲ್ ತುಂಡು ಇಟ್ಟು ಹೊರಗಿನ ಪದರ ಮಾತ್ರ ಜೋಡಿಸಿದರೂ ನೂರಾರು ಕಡ್ಡಿ ಬೇಕು. ಬೇಸರವಾಗುವ ಕೆಲಸ ಅನ್ನಿಸಬಹುದು. ಒಂದು ಎಕರೆ ಕಡಿದು ಹೊರೆ ಕಟ್ಟಿ ಹೊತ್ತವರನ್ನು ಕೇಳಿದರೆ ಬೇಸರ ಅಂದರೇನು ಅಂತ ಹೇಳುತ್ತಾರೆ.

ಮದ್ದೂರಿನ ಎಳನೀರು ಲಾರಿಗೆ ಒಣಗಿದ ಹಸಿರು ಬಟಾಣಿ. ಏಳೆಂಟು ಎಂಎಂ ಬಟಾಣಿ ಇಪ್ಪತ್ನಾಲ್ಕು ಪಟ್ಟು ಆದರೆ ಸುಮಾರು 18 ಸೆಂಟಿಮೀಟರ್, ಹದವಾದ ಎಳನೀರಿನ ಗಾತ್ರ. ಮೇಲಿನ ಸುಕ್ಕು ಕೂಡ ಉಪಯೋಗಕ್ಕೇ ಬರುತ್ತದೆ. ಆದರೆ ವಾರ್ನಿಷ್ ಹೊಡೆಯದೆ ಬಿಟ್ಟರೆ ಮಳೆಗಾಲ ಕಳೆಯುವುದರೊಳಗೆ ಲೋಡಿಗೆ ಹುಳ ಬೀಳುತ್ತದೆ. ಕಾಳಿಗೆ ಒಳಗೊಳಗೇ ತೂತು ಬಿದ್ದು ಲಾರಿಯ ತುಂಬ ಹಿಟ್ಟು. ಬಂಪರಿಗೆ ಕಟ್ಟುವ ನಿಂಬೆಹಣ್ಣು-ಮೆಣಸಿನಕಾಯಿಗೆ ಸಾಸಿವೆ ಕಾಳು. ನಾಲ್ಕು ಸೆಂಟಿಮೀಟರಿನ ನಿಂಬೆ ಸುಮಾರು ಒಂದೂಮುಕ್ಕಾಲು ಎಂಎಂ ಆಗುತ್ತದೆ, ಸಾಸಿವೆಗೆ ಹಳದಿ ಬಳಿದರೆ ತೀರಿತು. ಮೆಣಸಿನಕಾಯಿಗೆ ಹಸಿರು ದಾರದ ಚೂರು. ಇಡೀ ಅಡುಗೆಮನೆಯೇ 1:24ಕ್ಕೆ ತಯಾರಾಗಿ ಕೂತಿದೆಯೇನೋ ಅನ್ನಿಸುವುದುಂಟು.

ಬಣ್ಣದ ವಿಷಯಕ್ಕೆ ಬರೋಣ. ಈ ಹವ್ಯಾಸದಲ್ಲಿ ಕಟ್ಟುವುದು ಅರ್ಧ, ಬಣ್ಣ ಅರ್ಧ ಅನ್ನುತ್ತಾರೆ. ನನ್ನನ್ನು ಕೇಳಿದರೆ ಬಣ್ಣವೇ ಮುಕ್ಕಾಲು.

ಉದಾಹರಣೆಗೆ ಬಿಳಿ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಅಚ್ಚಿನಿಂದ 1950ರ ದಶಕದ ಕೊನೆಯಲ್ಲಿ ಹುಟ್ಟಿ, 2014ರ ಮೇ ತಿಂಗಳಲ್ಲಿ ಕೋಲ್ಕತ್ತದ ಹತ್ತಿರದ ಉತ್ತರಪಾರಾ ಕಾರ್ಖಾನೆಯಲ್ಲಿ ನಿಂತುಹೋದ ಕಾರು. ಉದ್ದ 4,325 ಎಂಎಂ. ನಮ್ಮ ಸ್ಕೇಲಿಗೆ 18 ಸೆಂಟಿಮೀಟರ್. 'ಪ್ರಪಂಚದ ಟ್ಯಾಕ್ಸಿಗಳು' ಎಂಬ ಸರಣಿಯಲ್ಲಿ 1:43ರ ಅಂಬಾಸಡರ್ ಬಂದಿತ್ತು. ಜೇಮ್ಸ್ ಬಾಂಡ್ ಕಾರುಗಳ ಸಂಗ್ರಹದಲ್ಲಿ 'ಆಕ್ಟೋಪಸ್ಸಿ' ಚಿತ್ರದ ಆಟೊ ಕೂಡ ಬಂತು. ವಿಜಯ್ ಅಮೃತರಾಜ್ ಓಡಿಸಿದ ಪುಣ್ಯದಿಂದ ನಮ್ಮ ಆಟೊ ಆಸ್ಟನ್ ಮಾರ್ಟಿನ್ ಪಕ್ಕ ನಿಂತಿತು. ದೆಹಲಿಯ ಸೆಂಟಿ ಟಾಯ್ಸ್‌ನವರ ಹಿಂದೆಳೆದು ಬಿಡುವ ಅಂಬಾಸಡರ್ ಜಾತ್ರೆಯಲ್ಲೂ ಸಿಗುತ್ತದೆ. ಆದರೆ 1:24ರಲ್ಲಿ ಬೇಕೆಂದರೆ ಕೈಯಾರೆ ಮಾಡಬೇಕು. ಅಲ್ಲಿ ಫೋಮ್ ಶೀಟು ಕೈ ಕೊಡುತ್ತದೆ. ಬಸ್ಸು ಡಬ್ಬಿಯಂತಿರುವುದರಿಂದ ಶೀಟಿನಲ್ಲಿ ಸುಲಭ. ಅಂಬಾಸಡರಿನ ಮೈಯಲ್ಲಿ ನೇರ ಗೆರೆ ಅನ್ನುವುದೇ ಇಲ್ಲ. ಮೆತ್ತನೆ ಮರದಲ್ಲಿ ಅಚ್ಚು ಕೆತ್ತಿ, ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಒಲೆಯ ಮೇಲೆ ಹಪ್ಪಳದ ಹಾಗೆ ಬಾಗುವವರೆಗೆ ಕಾಯಿಸಿ, ಅಚ್ಚಿನ ಮೇಲೆ ಒಂದೇ ಏಟಿಗೆ ಒತ್ತಬೇಕು.

ಆ ಬಿಳಿ ಮೈಗೆ ಬಣ್ಣ ಹೊಡೆಯುವುದನ್ನು ಕಲಿಯಬೇಕಾದರೆ ಯಾವ ಪುಸ್ತಕಕ್ಕಿಂತ ಟಿಂಕರಿಂಗ್ ಶೆಡ್ಡು ಮೇಲು. ಪುಟ್ಟಿ, ವಾಟರ್ ಪೇಪರ್, ಪ್ರೈಮರ್, ಎನ್.ಸಿ. (ನೈಟ್ರೊಸೆಲ್ಯುಲೋಸ್) ಪೇಂಟು, ಥಿನ್ನರ್, ರಬ್ಬಿಂಗು. ಅಸಲಿ ಕಾರಿನ ಕ್ರಮವೇ ಮಾಡೆಲ್ಲಿನದೂ. "ಗನ್ನು ಓಡಾಡ್ತಾನೇ ಇರ್ಬೇಕು ಕಣಣ್ಣ, ನಿಂತ್ರೆ ಸೋರ್ತದೆ" ಅಂತ ಶೆಡ್ಡಿನ ಹುಡುಗ ಹೇಳುವ ಮಾತು ಬೆರಳಷ್ಟುದ್ದದ ಏರ್‌ಬ್ರಷ್ಷಿಗೂ ಅನ್ವಯಿಸುತ್ತದೆ. ತೀರ ಹತ್ತಿರ ಹಿಡಿದರೆ ಬಣ್ಣ ಇಳಿಯುತ್ತದೆ. ದೂರ ಹಿಡಿದರೆ ಹನಿ ಗಾಳಿಯಲ್ಲೇ ಒಣಗಿ ಮೈ ಒರಟಾಗುತ್ತದೆ. ಆದರೆ ಶೆಡ್ಡಿನ ವಿದ್ಯೆಯಲ್ಲಿ ಎರಡು ಕಡೆ ಹುಷಾರಾಗಿರಬೇಕು. ಮೊದಲನೆಯದು, ಎನ್.ಸಿ. ಥಿನ್ನರ್ ತಗಡಿಗೆ ಏನೂ ಮಾಡದು, ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಒದ್ದೆಯಾಗಿ ಸುರಿಯದೆ, ಪ್ರೈಮರಿನ ಮೇಲೆ ಮಂಜಿನಂತೆ ತೆಳುವಾಗಿ ನಾಲ್ಕೈದು ಸಲ ಹಾಯಿಸಬೇಕು. ಹಾಗೆಯೇ ಮನೆ ಬಾಗಿಲಿಗೆ ಹೊಡೆಯುವ ಎನಾಮೆಲ್ ಮೊದಲು ಹೊಡೆದು ಅದರ ಮೇಲೆ ಎನ್.ಸಿ. ಹೊಡೆದರೆ ಕೆಳಗಿನ ಬಣ್ಣ ಸುಕ್ಕುಗಟ್ಟಿ ಎದ್ದು ಬರುತ್ತದೆ. ಎನ್.ಸಿ. ಮೇಲೆ ಎನಾಮೆಲ್ ಆದರೆ ತೊಂದರೆಯಿಲ್ಲ.

ಎರಡನೆಯದು ದಪ್ಪ. ಇದು ಮಾಡೆಲ್ ಕೆಲಸದ ಸೂಕ್ಷ್ಮ. ಅಸಲಿ ಕಾರಿನ ಬಾಗಿಲಿನ ಸಂದು ಐದು ಎಂಎಂ ಅಂದುಕೊಳ್ಳಿ; 1:24ರಲ್ಲಿ ಅದು 0.2 ಎಂಎಂ. ಬಣ್ಣದ ಪದರ 0.1 ಎಂಎಂ ಆದರೂ ಸಂದಿನ ಎರಡು ಅಂಚಿನಿಂದ ಸೇರಿ ಬಾಗಿಲೇ ಮುಚ್ಚಿಹೋಗುತ್ತದೆ. ಆ ದಪ್ಪ ಅಸಲಿ ಕಾರಿನ ಲೆಕ್ಕದಲ್ಲಿ ಎರಡೂವರೆ ಎಂಎಂ ಆಯಿತು, ಗೋಡೆಗೆ ಮೆತ್ತಿದ ಗಿಲಾವಿನ ಹಾಗೆ! ಅದಕ್ಕೇ ಬಣ್ಣಕ್ಕೆ ಮೊದಲು ಸೂಜಿಮೊನೆಯಿಂದ ಸಂದುಗಳನ್ನು ಮತ್ತೆ ಆಳ ಗೀರುತ್ತಾರೆ. ಬಿಳಿ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆಯಾದ್ದರಿಂದ ಕೋಟು ಜಾಸ್ತಿ ಬೇಕು, ಕೋಟು ಜಾಸ್ತಿಯಾದರೆ ಸಂದು ಮುಚ್ಚುತ್ತದೆ. ಅಂಬಾಸಡರ್ ಕಟ್ಟುವವನ ಗೋಳು ಇದು. ಮೆಟಾಲಿಕ್ ಬಣ್ಣದ ಗೋಳು ಬೇರೆ. ಆಟೊ ಪೇಂಟ್ ಅಂಗಡಿಯ ಸಿಲ್ವರ್ ಡಬ್ಬಿಯಲ್ಲಿರುವ ಮಿಣುಕಿನ ಕಣಗಳು ದೊಡ್ಡ ಕಾರಿನ ಲೆಕ್ಕದವು. ಮಾಡೆಲ್ಲಿಗೆ ಹೊಡೆದರೆ ಚಮಕಿ ಸೀರೆ ಉಡಿಸಿದಂತೆ ಕಾಣುತ್ತದೆ.

ಹವಾಮಾನವನ್ನೂ ನೋಡಬೇಕು. ನಾಲೆಯಲ್ಲಿ ನೀರು ಹರಿದು, ಗದ್ದೆ ತುಂಬಿ, ಹಿಂಗಾರು ಮಳೆ ಹಿಡಿದ ದಿನಗಳಲ್ಲಿ ಎನ್.ಸಿ. ಪೇಂಟು ಹೊಡೆದರೆ ಹೊಳಪಿನ ಮೇಲೆ ಹಾಲಿನ ಕೆನೆಯಂಥ ಮಂಕು ಕವಿಯುತ್ತದೆ. ಥಿನ್ನರ್ ಬೇಗ ಆರುವಾಗ ಮೈಯನ್ನು ತಣ್ಣಗೆ ಮಾಡುತ್ತದೆ, ಗಾಳಿಯಲ್ಲಿನ ತೇವ ಅಲ್ಲೇ ಕೂರುತ್ತದೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಮಂಡ್ಯದಲ್ಲಿ ಬಣ್ಣಕ್ಕೆ ಹೇಳಿಮಾಡಿಸಿದ ಕಾಲ. ಧೂಳೊಂದನ್ನು ತಡೆದರೆ ಆಯಿತು.

ಆ ಧೂಳನ್ನು ಮೊದಲು ತಡೆದು, ಆಮೇಲೆ ನಾವೇ ಹಾಕಬೇಕು. ತಮಾಷೆಯಲ್ಲ. ಮಾಡೆಲ್ ಕಟ್ಟುವವರಲ್ಲಿ ಎರಡು ಪಂಗಡ. ಶೋರೂಮಿನಿಂದ ಈಗಷ್ಟೇ ಬಂದಂತೆ ಹೊಳೆಯಬೇಕು ಅನ್ನುವವರು ಒಂದು, ಹತ್ತು ವರ್ಷ ದುಡಿದಂತೆ ಕಾಣಬೇಕು ಅನ್ನುವವರು ಇನ್ನೊಂದು. ಫೆರಾರಿಗೆ ಮೊದಲ ಪಂಗಡವೇ ಸರಿ. ಕಬ್ಬಿನ ಟ್ರೇಲರಿಗೆ ಹೊಳಪು ಕೊಟ್ಟರೆ ಅದು ಆಯುಧಪೂಜೆಯ ಬೆಳಗ್ಗೆ ಮಾತ್ರ ಸತ್ಯ. ಉಳಿದ ದಿನ ಅದರ ಮೈ ಹೇಗಿರುತ್ತದೆ ಅಂತ ನಿಂತು ನೋಡಬೇಕು. ತಗಡಿನ ಬುಡದಲ್ಲಿ, ನೀರು ನಿಲ್ಲುವ ವೆಲ್ಡಿಂಗಿನ ಬಳಿ ತುಕ್ಕು. ಜಲ್ಲೆ ಉಜ್ಜಿ ಉಜ್ಜಿ ಹೋಗುವ ಒಳಮೈಯಲ್ಲಿ ತುಕ್ಕಿಲ್ಲ, ಬಣ್ಣವೂ ಇಲ್ಲ, ಬರೀ ಕಬ್ಬಿಣದ ಹೊಳಪು. ಕೊಂಡಿಯ ಸುತ್ತ ಗ್ರೀಸಿನ ಕಪ್ಪು, ಅದರ ಮೇಲೆ ಕೂತ ಧೂಳಿನ ಕಂದು. ಮಡ್‌ಗಾರ್ಡಿನ ಮೇಲೆ ಡ್ರೈವರ್ ಪಕ್ಕ ಕೂರುವವರ ಪಂಚೆ, ಪ್ಯಾಂಟು ಉಜ್ಜಿ ಎರಡು ಕಡೆ ಬಣ್ಣ ಸವೆದ ಗುರುತು. ಟೈರು ಎಂದೂ ಕಪ್ಪಲ್ಲ, ಬೂದು. ಸಣ್ಣ ಮಾಡೆಲ್ಲಿಗೆ ಅಚ್ಚಕಪ್ಪು ಹೊಡೆದರೆ ಕಣ್ಣಿಗೆ ಹೊಡೆಯುತ್ತದೆ. ಧೂಳಿನ ಬಣ್ಣವೂ ಊರೂರಿಗೆ ಬೇರೆ. ವಿದೇಶದ ಬಾಟಲಿಗಳ ಮೇಲೆ ಯುರೋಪಿನ ಕೆಸರು, ಆಫ್ರಿಕಾದ ಧೂಳು ಅಂತೆಲ್ಲ ಬರೆದಿರುತ್ತದೆ. ಮಳವಳ್ಳಿ ಕಡೆಯ ಹೊಲದ ಕೆಮ್ಮಣ್ಣು ಬೇಕೆಂದರೆ ಅಲ್ಲಿಂದಲೇ ಒಂದು ಹಿಡಿ ತಂದು, ಒಣಗಿಸಿ, ಕುಟ್ಟಿ, ಮಲ್ ಪಂಚೆಯಲ್ಲಿ ಜಾಲಿಸಿ, ಮೆತ್ತನೆ ಬ್ರಷ್ಷಿನಲ್ಲಿ ಉದುರಿಸಬೇಕು. ಅಸಲಿಗಿಂತ ಒಂದು ಛಾಯೆ ತಿಳಿಯಾಗಿದ್ದರೆ ಚೆಂದ.

ಇಷ್ಟೆಲ್ಲ ಮಾಡಿ ಮೆಚ್ಚುಗೆ ನಿರೀಕ್ಷಿಸಿದರೆ ಮಂಡ್ಯದಲ್ಲಿ ಸಿಗುವುದು ಬೇರೆಯೇ. "ಎಷ್ಟ್ ಬಿತ್ತು ಖರ್ಚು? ಮಾರ್ತೀಯಾ?" ಮೊದಲ ಎರಡು ಪ್ರಶ್ನೆ. ಎರಡನೆಯದಕ್ಕೆ ಇಲ್ಲ ಅಂದರೆ, "ಮತ್ಯಾಕ್ಲಾ ಮಾಡ್ದೆ?" ಇನ್ನು ಗಾಡಿ ಓಡಿಸುವವರ ಕಣ್ಣಿಗೆ ಬಣ್ಣ, ಗೆಣ್ಣಿನ ಉಂಗುರ ಯಾವುದೂ ಬೀಳುವುದಿಲ್ಲ. ನೇರ ಕೊಂಡಿಯ ಹತ್ತಿರ ಬಗ್ಗಿ, "ಪಿನ್ನೇ ಆಕಿಲ್ವಲ್ಲಣ್ಣ, ದಿಣ್ಣೆ ಅತ್ತುವಾಗ ಟ್ರೇಲರ್ ಕಿತ್ಕೊಂಡೋಯ್ತದೆ" ಅನ್ನುತ್ತಾರೆ. ಸ್ಪರ್ಧೆಯ ತೀರ್ಪುಗಾರರು ಇದಕ್ಕಿಂತ ಚೆನ್ನಾಗಿ ನೋಡುತ್ತಾರೆಂದು ನನಗನ್ನಿಸುವುದಿಲ್ಲ.

ತೋರಿಸಲು ಜಾಗವೇನೂ ಕಮ್ಮಿಯಿಲ್ಲ. ದಸರಾದಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆಯ ಕೆಳಗಿನ ಮೆಟ್ಟಿಲುಗಳಲ್ಲಿ ಊರು, ಪಾರ್ಕು, ಸಂತೆ ಕಟ್ಟುವುದು ಮೊದಲಿನಿಂದ ಬಂದದ್ದು. ಅಲ್ಲಿಗೆ ಹೆಚ್ಚಾಗಿ ಬರುವ ಕಾರು-ಗಾಡಿಗಳು ಮದ್ದೂರಿನಿಂದ ಇಪ್ಪತ್ತು ಕಿಲೋಮೀಟರ್ ಆಚೆಯ ಚನ್ನಪಟ್ಟಣದವು. ಅಲ್ಲಿನವರದು ನಮಗೆ ತದ್ವಿರುದ್ಧವಾದ ವಿದ್ಯೆ. ಗನ್ನಿಲ್ಲ, ಥಿನ್ನರ್ ಇಲ್ಲ, ಒಣಗಲು ಕಾಯುವುದಿಲ್ಲ. ಕಡಚಲಿನಲ್ಲಿ ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೇ ಅರಗು ಕರಗಿ ಹಿಡಿಯುತ್ತದೆ. ಗರಿಯಿಂದ ಒತ್ತಿ ಸವರಿದರೆ ಕನ್ನಡಿ ಹೊಳಪು. ಆ ಕಾರಿಗೆ ಸ್ಕೇಲಿಲ್ಲ, ಬಾಗಿಲಿನ ಸಂದಿಲ್ಲ, ಚಕ್ರವೆಲ್ಲ ಗುಂಡು. ಆದರೂ ಮಗು ಅದನ್ನೇ ಮೊದಲು ಎತ್ತಿಕೊಳ್ಳುತ್ತದೆ. ನಮ್ಮ ಅಂಬಾಸಡರನ್ನು ಎತ್ತಿಕೊಂಡರೆ ಸೈಡ್ ಮಿರರ್ ಮುರಿದು ಮನೆಯಲ್ಲಿ ರಾದ್ಧಾಂತ.

ಹುಡುಗರ ಒಲವು ಈಗ ಬಸ್ಸಿನ ಕಡೆ. ಕೇರಳದಲ್ಲಿ ಫೋಮ್ ಶೀಟಿನ ಬಸ್ಸು ಕಟ್ಟುವವರು ಬಹಳ. ಆ ಗಾಳಿ ಇತ್ತಲೂ ಬೀಸಿದೆ. 11 ಮೀಟರಿನ ಬಸ್ಸು 1:24ಕ್ಕೆ 46 ಸೆಂಟಿಮೀಟರ್. ಕೆಎಸ್‌ಆರ್‌ಟಿಸಿಯವರು ಕೆಂಗೇರಿ, ಹಾಸನದ ವರ್ಕ್‌ಶಾಪುಗಳಲ್ಲಿ ಚಾಸಿಗೆ ಬಾಡಿ ಕಟ್ಟುವ ಕ್ರಮವನ್ನೇ, ಅಂದರೆ ಅಸ್ಥಿಪಂಜರ, ಹೊದಿಕೆ, ಕಿಟಕಿ, ಸೀಟು ಅಂತ ಒಂದಾದ ಮೇಲೊಂದು ಇವರೂ ಅನುಸರಿಸುತ್ತಾರೆ. ಒಳಗೆ ಎಲ್‌ಇಡಿ, ಸ್ಪೀಕರು, ಕೆಲವಕ್ಕೆ ರಿಮೋಟು. 'ಮಳವಳ್ಳಿ – ಮದ್ದೂರು' ಬೋರ್ಡು. ನನಗೆ ಈ ಲೈಟು, ಸದ್ದು ಅಷ್ಟಾಗಿ ಹಿಡಿಸದು. ಆದರೆ ಹದಿನೈದು ವರ್ಷದ ಹುಡುಗನೊಬ್ಬ ಬಸ್ಸಿಗೆ ಎಷ್ಟು ಕಿಟಕಿ, ಎಮರ್ಜೆನ್ಸಿ ಬಾಗಿಲು ಎಲ್ಲಿ, ಏಣಿ ಯಾವ ಬದಿಗೆ ಅಂತ ಕಣ್ಣು ಮುಚ್ಚಿ ಹೇಳುವುದನ್ನು ಕೇಳಿದರೆ ತಕರಾರು ತೆಗೆಯಲು ಮನಸ್ಸು ಬರುವುದಿಲ್ಲ. 3ಡಿ ಪ್ರಿಂಟರು ಬಂದ ಮೇಲೆ ಚಕ್ರ, ಗ್ರಿಲ್ಲುಗಳ ಕಷ್ಟ ಇನ್ನೂ ಕಮ್ಮಿಯಾಗಿದೆ. ಅಳತೆ ಮಾತ್ರ ಪ್ರಿಂಟರು ತಾನಾಗಿ ತರುವುದಿಲ್ಲ.

ಅಳತೆ ಹಿಡಿಯಲು ಹಳೇ ಕಾರು ಬೇಕಾದರೆ ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಗೆ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ಮ್ಯೂಸಿಯಂ ಇದೆ. ಅಲ್ಲಿನ ಕಾರುಗಳು ಚೆನ್ನಾಗಿ ಉಳಿಯುತ್ತವೆ, ನೋಡಿಕೊಳ್ಳುವವರಿದ್ದಾರೆ. ಅವಸರ ಇರುವುದು ಬೇರೆಯವಕ್ಕೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ, ಅವು ಗುಜರಿಗೆ ಹೋಗಬೇಕು. ಅಂಬಾಸಡರ್ ತಯಾರಿ ನಿಂತದ್ದು 2014ರಲ್ಲಾದ್ದರಿಂದ, ಸರ್ಕಾರದ ಕೈಯಲ್ಲಿ ಕೊನೆಗೆ ಉಳಿದವು ಕೂಡ 2029ರ ಹೊತ್ತಿಗೆ ಮುಗಿದಂತೆ. ಅದರ ನೆತ್ತಿಯ ಕೆಂಪು ದೀಪ 2017ರ ಮೇ 1ಕ್ಕೇ ಇಳಿಯಿತು. (ಮಾಡೆಲ್ಲಿಗೆ ಬೇಕಾದವರು ಐದು ಎಂಎಂ ಕೆಂಪು ಎಲ್‌ಇಡಿ ಹಾಕಿ, ಸರಿಹೋಗುತ್ತದೆ.)

ಆದ್ದರಿಂದ ಯಾವುದಾದರೂ ಕಚೇರಿಯ ಹಿತ್ತಲಿನಲ್ಲಿ ಮುಳ್ಳುಗಿಡ ಹಬ್ಬಿದ ಬಿಳಿ ಕಾರು ಕಂಡರೆ ಒಳಗೆ ಹೋಗಿ ಸಾಹೇಬರ ಅಪ್ಪಣೆ ಕೇಳಿ, ಟೇಪು ಬಿಚ್ಚಿ. ಮುಂದಿನ-ಹಿಂದಿನ ಚಕ್ರದ ನಡುವಿನ ಅಂತರ 97 ಇಂಚು, ಅಗಲ 1,662 ಎಂಎಂ, ಎತ್ತರ 1,593 ಎಂಎಂ. ಇವು ಕಂಪನಿಯ ಕಾಗದದಲ್ಲೇ ಇವೆ, ಅದಕ್ಕಾಗಿ ಹೊತ್ತು ಕಳೆಯಬೇಡಿ. ಕಾಗದದಲ್ಲಿ ಇಲ್ಲದ್ದನ್ನು ಹಿಡಿಯಿರಿ. ಹೆಡ್‌ಲೈಟಿನ ಉಂಗುರ ಎಷ್ಟು ಮುಂದಕ್ಕೆ ಚಾಚಿದೆ, ಬಾನೆಟ್ಟಿನ ಉಬ್ಬು ಎಲ್ಲಿಂದ ಏಳುತ್ತದೆ, ಹಿಂದಿನ ಗಾಜಿನ ಬಾಗು ಎಷ್ಟು, ಬಾಗಿಲಿನ ಹಿಡಿ ಕಿಟಕಿಯ ಗೆರೆಯಿಂದ ಎಷ್ಟು ಇಂಚು ಕೆಳಗೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಡಿಕೋಲು ಇಟ್ಟು, ಸೊಂಟದ ಎತ್ತರಕ್ಕೆ ಬಗ್ಗಿ, ಆದಷ್ಟು ದೂರದಿಂದ ತೆಗೆಯಿರಿ. ಹತ್ತಿರದಿಂದ ತೆಗೆದರೆ ಮೂತಿ ಊದಿಕೊಂಡು ಅಳತೆ ಕೆಡುತ್ತದೆ. ಸೀಟಿನ ಮೇಲಿನ ಟರ್ಕಿ ಟವೆಲ್ ಇನ್ನೂ ಇದ್ದರೆ ಅದನ್ನೂ ಅಳೆಯಿರಿ.